ಔಷಧದಾನದ ಹೆಸರಿನಲ್ಲಿ ಅಭಯದಾನದ ಬಲಿ ಬೇಡ

ಶ್ರಾವಕನು ಮಾಡಬೇಕಾದ ದಾನಗಳು ನಾಲ್ಕು ಎಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು: ಆಹಾರದಾನ, ಔಷಧದಾನ, ಶಾಸ್ತ್ರದಾನ ಮತ್ತು ಅಭಯದಾನ. ಈ ನಾಲ್ಕೂ ಒಂದೇ ಮರದ ಕೊಂಬೆಗಳು. ಒಂದನ್ನು ಕಡಿದು ಇನ್ನೊಂದಕ್ಕೆ ಗೊಬ್ಬರ ಹಾಕುವುದು ದಾನವೆನಿಸದು. ಆದರೆ ಇಂದು ನಮ್ಮ ಸಮಾಜದ ಹಣದಿಂದ ನಡೆಯುವ ಕೆಲವು ವೈದ್ಯಕೀಯ ಕಾರ್ಯಗಳಲ್ಲಿ ನಿಖರವಾಗಿ ಇದೇ ನಡೆಯುವ ಸಂಭವವಿದೆ, ಮತ್ತು ನಾವು ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಚೆಕ್ಕಿಗೆ ಸಹಿ ಹಾಕುತ್ತಿದ್ದೇವೆ ಎಂಬುದು ಈ ಲೇಖನದ ಆಕ್ಷೇಪ.

ವಿಷಯ ಹೊಸದು, ಆದುದರಿಂದ ಮೊದಲು ಅದನ್ನು ಸರಳವಾಗಿ ನಿರೂಪಿಸುತ್ತೇನೆ. ನಾನು ವೈದ್ಯನಲ್ಲ, ವ್ಯಾಪಾರಿ. ಆದರೆ ಕೊಳ್ಳುವ ಸರಕು ಎಲ್ಲಿಂದ ಬಂತು, ಅದಕ್ಕೆ ಬದಲಿ ಸರಕು ಉಂಟೇ, ಅದರ ನಿಜವಾದ ಬೆಲೆಯೇನು ಎಂದು ವಿಚಾರಿಸುವುದು ವ್ಯಾಪಾರಿಯ ಕೆಲಸವೇ ಆಗಿದೆ.

ಕೊಬ್ಬಿನಿಂದ ಕಾಂಡಕೋಶ

ಮನುಷ್ಯನ ಚರ್ಮದಡಿಯ ಕೊಬ್ಬಿನಲ್ಲಿ ಮೂಳೆ, ಮೃದ್ವಸ್ಥಿ, ಕೊಬ್ಬು ಮೊದಲಾದ ಬೇರೆ ಬೇರೆ ಅಂಗಾಂಶಗಳಾಗಿ ಮಾರ್ಪಡಬಲ್ಲ ಕೋಶಗಳಿವೆ. ಇವನ್ನು ಕಾಂಡಕೋಶಗಳೆಂದು ಕರೆಯುತ್ತಾರೆ. ಪತ್ರಿಕೆಗಳಲ್ಲಿ ಬರುವ ‘ಸ್ಟೆಮ್ ಸೆಲ್’ ಎಂಬುದು ಇದೇ. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೆಟ್ರಿಷಿಯಾ ಝುಕ್ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದಂದಿನಿಂದ ಜಗತ್ತಿನ ಪ್ರಯೋಗಾಲಯಗಳು ಇದರ ಹಿಂದೆ ಬಿದ್ದಿವೆ. ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಯಲ್ಲಿ ಹೊರಬಂದು ಕಸವಾಗಿ ಹೋಗಬೇಕಾದ ಕೊಬ್ಬನ್ನು, ಕೊಟ್ಟವರ ಒಪ್ಪಿಗೆ ಪಡೆದು, ಉಪ್ಪಿನ ದ್ರಾವಣದಲ್ಲಿ ತೊಳೆದು, ಕೊಲಾಜಿನೇಸ್ ಎಂಬ ಕಿಣ್ವದಿಂದ ಕರಗಿಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ತಳದಲ್ಲಿ ಉಳಿದ ಕೋಶಗಳನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಬಿತ್ತುತ್ತಾರೆ. ಪಾತ್ರೆಯ ತಳಕ್ಕೆ ಅಂಟಿಕೊಂಡ ಕೋಶಗಳು ದಿನಗಳು ಕಳೆದಂತೆ ಹೆಚ್ಚುತ್ತವೆ.

ಇಲ್ಲಿಯವರೆಗೆ ಯಾರಿಗೂ ನೋವಿಲ್ಲ. ಬೇಡವೆಂದು ತೆಗೆದ ವಸ್ತು, ಒಪ್ಪಿಗೆಯಿಂದ ಕೊಟ್ಟ ವಸ್ತು. ಆದರೆ ಕೋಶಗಳು ಬೆಳೆಯಲು ಆಹಾರ ಬೇಕು. ಸಕ್ಕರೆ, ಲವಣ, ಅಮೈನೋ ಆಮ್ಲ, ಜೀವಸತ್ತ್ವಗಳಿರುವ ಪೋಷಕ ದ್ರವವಷ್ಟೇ ಅವುಗಳಿಗೆ ಸಾಲದು. ಬೆಳವಣಿಗೆಯನ್ನು ಪ್ರಚೋದಿಸುವ ಅಂಶಗಳೂ ಬೇಕು. ಅದಕ್ಕಾಗಿ ಆ ದ್ರವಕ್ಕೆ ಸಾಮಾನ್ಯವಾಗಿ ಶೇಕಡಾ 10ರಷ್ಟು ಸೀರಮ್ ಬೆರೆಸುತ್ತಾರೆ. ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿಯೇ ಸೀರಮ್. ಯಾರ ರಕ್ತದ ತಿಳಿ? ಪ್ರಶ್ನೆ ಇರುವುದು ಇಲ್ಲಿ.

ಸೀಸೆಯ ಮೂಲ

ಬಹುತೇಕ ಪ್ರಯೋಗಾಲಯಗಳಲ್ಲಿ ರೂಢಿಯಾಗಿ ಬಳಸುವುದು ಗರ್ಭಸ್ಥ ಕರುವಿನ ಸೀರಮ್. ಖರೀದಿ ಪಟ್ಟಿಗಳಲ್ಲಿ ಅದು ‘ಎಫ್.ಬಿ.ಎಸ್.’ ಎಂಬ ಮೂರು ನಿರಪಾಯಕಾರಿ ಅಕ್ಷರಗಳ ವೇಷದಲ್ಲಿ ಬರುತ್ತದೆ. 1958ರಲ್ಲಿ ಅಮೆರಿಕದ ಥಿಯೋಡೋರ್ ಪಕ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಕೋಶಕೃಷಿಯಲ್ಲಿ ಬಳಸಿ ತೋರಿಸಿದರು. ಅನಂತರ ಅದು ಎಲ್ಲೆಡೆ ಹಬ್ಬಿತು.

ಅದನ್ನು ಪಡೆಯುವ ವಿಧಾನ ಹೀಗಿದೆ. ಕಸಾಯಿಖಾನೆಗೆ ಬಂದ ಹಸು ಗಬ್ಬವಾಗಿದ್ದರೆ, ಅದನ್ನು ವಧಿಸಿದ ಮೇಲೆ ಗರ್ಭಕೋಶವನ್ನು ಹೊರತೆಗೆಯುತ್ತಾರೆ. ಒಳಗಿನ ಕರುವನ್ನು ಬೇರ್ಪಡಿಸಿ, ಅದರ ಹೃದಯಕ್ಕೆ ನೇರವಾಗಿ ಸೂಜಿ ಚುಚ್ಚಿ ರಕ್ತವನ್ನು ಹೀರುತ್ತಾರೆ. ಕರುವಿಗೆ ಕನಿಷ್ಠ ಮೂರು ತಿಂಗಳಾಗಿರಬೇಕು; ಅದಕ್ಕಿಂತ ಚಿಕ್ಕದಾದರೆ ಹೃದಯ ಸೂಜಿಗೆ ಸಾಲುವಷ್ಟು ದೊಡ್ಡದಿರುವುದಿಲ್ಲ. ಆ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ತಿಳಿಯನ್ನು ಬೇರ್ಪಡಿಸಿ, ಸೋಸಿ, ಹೆಪ್ಪುಗಟ್ಟುವ ಚಳಿಯಲ್ಲಿಟ್ಟು ಮಾರುತ್ತಾರೆ.

2002ರಲ್ಲಿ ಯೋಕೆಮ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಲೀಟರ್ ಇಂಥ ಸೀರಮ್ ತಯಾರಾಗುತ್ತಿತ್ತು. ಅದಕ್ಕೆ 10 ಲಕ್ಷಕ್ಕೂ ಮಿಕ್ಕಿದ ಗರ್ಭಸ್ಥ ಕರುಗಳು ಬೇಕಾಗಿದ್ದವು. ವಾಚಕರು ತಾವೇ ಭಾಗಿಸಿ ನೋಡಬಹುದು. ಒಂದು ಕರುವಿಗೆ ಸರಾಸರಿ ಅರ್ಧ ಲೀಟರ್ ಕೂಡ ಆಗುವುದಿಲ್ಲ. ಮಾರುಕಟ್ಟೆಯಲ್ಲಿ ಈ ಸರಕು ಸಾಮಾನ್ಯವಾಗಿ 500 ಮಿಲಿಲೀಟರಿನ ಸೀಸೆಯಲ್ಲಿ ದೊರೆಯುತ್ತದೆ. ಅಂದರೆ ಒಂದು ಸೀಸೆಯ ಲೆಕ್ಕ ಕಡಿಮೆಯೆಂದರೂ ಒಂದು ಕರು. ಖರೀದಿ ಪಟ್ಟಿಯಲ್ಲಿ ‘ಎಫ್.ಬಿ.ಎಸ್., 20 ಸೀಸೆ’ ಎಂದು ಬರೆದಿದ್ದರೆ ಅದನ್ನು ‘ಹುಟ್ಟದ ಕರು, 20’ ಎಂದು ಓದಿಕೊಳ್ಳಬೇಕು.

ಈಚೆಗೆ ಒಂದು ಟ್ರಸ್ಟಿನ ಸಭೆಯಲ್ಲಿ ಇಂಥದೇ ಒಂದು ಪಟ್ಟಿ ಮುಂದೆ ಬಂದಿತ್ತು. ಕೋಶಕೃಷಿಯ ಪ್ರಯೋಗಾಲಯಕ್ಕೆ ನೆರವು ಕೇಳಿದ ಅರ್ಜಿ ಅದು. ಸಭೆಗೆ ತರಿಸಿದ ಉಪಾಹಾರದಲ್ಲಿ ಈರುಳ್ಳಿ ಇದೆಯೇ ಎಂದು ಮೂವರು ವಿಚಾರಿಸಿದರು. ಪಟ್ಟಿಯ ಮೂರು ಅಕ್ಷರಗಳ ಅರ್ಥವೇನೆಂದು ವಿಚಾರಿಸಿದವರು ಯಾರೂ ಇಲ್ಲ. ಈರುಳ್ಳಿಯ ವಿಚಾರಣೆ ತಪ್ಪೆಂದು ನಾನು ಹೇಳುತ್ತಿಲ್ಲ. ಏಕೇಂದ್ರಿಯ ಜೀವದ ಬಗ್ಗೆ ಇಷ್ಟು ಎಚ್ಚರವಿರುವವರಿಗೆ ಪಂಚೇಂದ್ರಿಯ ಜೀವದ ಬಗ್ಗೆ ಎಷ್ಟು ಎಚ್ಚರವಿರಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಉಪೋತ್ಪನ್ನವೆಂಬ ವಾದ

ಇದನ್ನು ಹೇಳಿದ ಕೂಡಲೇ ಬರುವ ಮೊದಲ ಉತ್ತರ: “ಹಸುವನ್ನು ಕೊಂದದ್ದು ಮಾಂಸಕ್ಕಾಗಿ. ಕರು ಹೇಗೂ ಸಾಯುತ್ತಿತ್ತು. ವ್ಯರ್ಥವಾಗುವ ರಕ್ತ ವಿಜ್ಞಾನಕ್ಕೆ ಒದಗಿದರೆ ದೋಷವೇನು?”

ವಾಣಿಜ್ಯ ಬಲ್ಲವನು ಈ ಮಾತನ್ನು ಒಪ್ಪಲಾರ. ಶೇಂಗಾ ಗಾಣದ ಯಜಮಾನನು ಹಿಂಡಿಯಿಂದ ಬರುವ ಹಣವನ್ನು ಲೆಕ್ಕಕ್ಕೆ ಹಿಡಿಯದೆ ಎಣ್ಣೆಯ ಬೆಲೆ ಕಟ್ಟುತ್ತಾನೆಯೇ? ಹಿಂಡಿಗೆ ಒಳ್ಳೆಯ ಬೆಲೆ ಸಿಕ್ಕರೆ ಗಾಣ ಲಾಭದಲ್ಲಿ ನಡೆಯುತ್ತದೆ. ಬೆಲೆ ಬಂದ ಕ್ಷಣದಲ್ಲಿ ಯಾವ ವಸ್ತುವೂ ಕಸವಾಗಿ ಉಳಿಯದು, ಅದು ಸರಕಾಗುತ್ತದೆ. ಈ ಸೀರಮ್ ಕೋಶಕೃಷಿಯ ದುಬಾರಿ ಸಾಮಗ್ರಿಗಳಲ್ಲೊಂದು. ಅದರ ಹಣದ ಒಂದು ಪಾಲು ಕಸಾಯಿಖಾನೆಯ ಜಮೆಗೆ ಸೇರುತ್ತದೆ. ಜಮೆಯಲ್ಲಿ ನಮ್ಮ ಹಣವಿರುವಾಗ ಕೃತ್ಯದಲ್ಲಿ ನಮ್ಮ ಪಾಲಿಲ್ಲವೆನ್ನುವುದು ಯಾವ ಲೆಕ್ಕಶಾಸ್ತ್ರ?

ಧರ್ಮಶಾಸ್ತ್ರವೂ ಈ ವಾದಕ್ಕೆ ಎಡೆಗೊಡುವುದಿಲ್ಲ. ನಮ್ಮಲ್ಲಿ ಕರ್ಮವು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ. ಕೈಯಿಂದ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಮೂರರಲ್ಲೂ ಬಂಧವುಂಟು. ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ವು ತಾನಾಗಿ ಸತ್ತ ಪ್ರಾಣಿಯ ಮಾಂಸಕ್ಕೂ ವಿನಾಯಿತಿ ಕೊಡಲಿಲ್ಲ. ಶ್ರಾವಕನು ಬಿಡಬೇಕಾದ ಹದಿನೈದು ಕಠೋರ ವೃತ್ತಿಗಳಲ್ಲಿ ದಂತವಾಣಿಜ್ಯವನ್ನು ಹಿರಿಯರು ಸೇರಿಸಿದ್ದೇಕೆ? ದಂತ ಕೊಳ್ಳುವ ವ್ಯಾಪಾರಿಯ ಕೈಯಲ್ಲಿ ಬಿಲ್ಲೂ ಇಲ್ಲ, ಬಾಣವೂ ಇಲ್ಲ. ಆದರೆ ಅವನು ಮುಂಗಡ ಕೊಟ್ಟ ದಿನವೇ ಕಾಡಿನಲ್ಲಿ ಆನೆಯ ಆಯುಷ್ಯ ಮುಗಿಯುತ್ತದೆ. ಮುಂಗಡದ ಈ ಶಕ್ತಿಯನ್ನು ನಮ್ಮ ಪೂರ್ವಜರು ಅರಿತಿದ್ದರು. ಅವರೂ ವ್ಯಾಪಾರಿಗಳೇ ತಾನೆ.

ಕೆಲವರು ಇನ್ನೂ ಸೂಕ್ಷ್ಮವಾಗಿ ವಾದಿಸುತ್ತಾರೆ: ಗರ್ಭದ ಕರುವಿಗೆ ಪ್ರಜ್ಞೆ ಮೂಡಿರುವುದಿಲ್ಲ, ತಾಯಿ ಸತ್ತೊಡನೆ ಅದಕ್ಕೆ ಆಮ್ಲಜನಕ ನಿಲ್ಲುತ್ತದೆ, ಆದ್ದರಿಂದ ನೋವಿಲ್ಲ ಎಂದು. ವಿಜ್ಞಾನಿಗಳಲ್ಲೇ ಈ ಬಗ್ಗೆ ಏಕಾಭಿಪ್ರಾಯವಿಲ್ಲ. ಯೋಕೆಮ್ಸ್ ಮತ್ತು ಸಂಗಡಿಗರ ಲೇಖನವು ಕರು ನೋವುಣ್ಣುವ ಸಾಧ್ಯತೆಯನ್ನೇ ಮುಂದಿಟ್ಟಿತ್ತು. ಆದರೆ ನಮಗೆ ಆ ತೀರ್ಪಿಗಾಗಿ ಕಾಯಬೇಕಾದ ಅಗತ್ಯವಿಲ್ಲ. ಜೈನ ದರ್ಶನದಲ್ಲಿ ಹಿಂಸೆಯ ಅಳತೆಗೋಲು ನೋವೊಂದೇ ಅಲ್ಲ. ‘ತತ್ತ್ವಾರ್ಥಸೂತ್ರ’ವು ಹಿಂಸೆಯನ್ನು ಪ್ರಮಾದದೊಡನೆ ಮತ್ತು ಪ್ರಾಣಗಳ ವಿಯೋಗದೊಡನೆ ಜೋಡಿಸಿದೆ. ಇಂದ್ರಿಯಗಳು, ಮನೋವಾಕ್ಕಾಯಗಳ ಬಲ, ಉಸಿರು, ಆಯು ಎಂಬ ಪ್ರಾಣಗಳನ್ನು ಜೀವದಿಂದ ಅಗಲಿಸುವುದೇ ಹಿಂಸೆ. ತಿಳಿಯಬಹುದಾದುದನ್ನು ತಿಳಿಯದೆ ಇರುವುದು, ಕೇಳಬಹುದಾದುದನ್ನು ಕೇಳದೆ ಇರುವುದು ಪ್ರಮಾದ. ಎರಡೂ ಇಲ್ಲಿ ಪೂರ್ಣವಾಗಿವೆ.

ಜನ್ನನ ‘ಯಶೋಧರಚರಿತೆ’ಯನ್ನು ಓದಿದ ಕನ್ನಡ ಜೈನನಿಗೆ ಇದನ್ನು ವಿವರಿಸಬೇಕಾಗಿಲ್ಲ. 1209ರಲ್ಲಿ ರಚಿತವಾದ ಆ ಕಾವ್ಯದ ರಾಜನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಸಂಕಲ್ಪವಿತ್ತೆಂಬ ಕಾರಣಕ್ಕೆ ಜನ್ಮಜನ್ಮಾಂತರದಲ್ಲಿ ಅವನು ಪ್ರಾಣಿಯಾಗಿ ಹುಟ್ಟಿ ನರಳಿದನು. ಹಿಟ್ಟಿನ ಕೋಳಿಗೆ ಅಷ್ಟು ಲೆಕ್ಕವಿದ್ದರೆ ನಿಜವಾದ ಕರುವಿಗೆ ಎಷ್ಟು?

ಆಪದ್ಧರ್ಮವೆಂಬ ವಾದ

ಎರಡನೆಯ ಉತ್ತರ ಹೆಚ್ಚು ಗಂಭೀರವಾದುದು. “ಇದು ರೋಗಿಯ ಪ್ರಾಣದ ಪ್ರಶ್ನೆ. ಔಷಧಕ್ಕೆ ಆಪದ್ಧರ್ಮದ ರಿಯಾಯಿತಿ ಇಲ್ಲವೇ? ನಿಮ್ಮ ಮಾತು ಕೇಳಿದರೆ ಲಸಿಕೆಯನ್ನೂ ಬಿಡಬೇಕಾದೀತು.”

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಹಾಸಿಗೆ ಹಿಡಿದ ರೋಗಿಗೆ, ಮಗುವಿಗೆ ಲಸಿಕೆ ಹಾಕಿಸಲು ಬಂದ ತಾಯಿಗೆ ನಾನು ಯಾವ ಪ್ರಶ್ನೆಯನ್ನೂ ಹಾಕುತ್ತಿಲ್ಲ. ವೈದ್ಯರು ಹೇಳಿದ ಔಷಧವನ್ನು ಅವರು ತೆಗೆದುಕೊಳ್ಳಲಿ. ನನ್ನ ಪ್ರಶ್ನೆ ಇರುವುದು ದಾನಿಗೆ, ಟ್ರಸ್ಟಿಗೆ, ಹೊಸ ಪ್ರಯೋಗಾಲಯ ಕಟ್ಟುವವನಿಗೆ. ಅವನ ಮುಂದೆ ಆಪತ್ತಿಲ್ಲ, ಆಯ್ಕೆಯಿದೆ. ಬೇರೆ ದಾರಿ ಇಲ್ಲದವನಿಗೆ ಆಪದ್ಧರ್ಮ. ದಾರಿ ಇದ್ದೂ ಹುಡುಕದವನಿಗೆ ಅದು ಆಲಸ್ಯದ ಇನ್ನೊಂದು ಹೆಸರು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಹಿಂಸೆಗಳಲ್ಲಿ ಗೃಹಸ್ಥನಿಗೆ ಉಳಿದ ಮೂರರಲ್ಲಿ ಸ್ವಲ್ಪ ಅನಿವಾರ್ಯತೆ ಇರಬಹುದು. ಬದಲಿ ವಸ್ತು ಕೈಗೆಟುಕುವಲ್ಲಿ ಇರುವಾಗ ಇದನ್ನೇ ತರಿಸುವುದು ಅನಿವಾರ್ಯದ ಪಟ್ಟಿಗೆ ಸೇರದು. ಅದು ಸಂಕಲ್ಪದ ಅಂಚಿಗೆ ಬಂದು ನಿಲ್ಲುತ್ತದೆ.

ಅಷ್ಟೇ ಅಲ್ಲ. ಕರುವಿನ ಸೀರಮ್ ರೋಗಿಯ ಹಿತಕ್ಕೂ ಉತ್ತಮವಲ್ಲ ಎಂಬುದನ್ನು ವೈದ್ಯಶಾಸ್ತ್ರವೇ ಹೇಳುತ್ತಿದೆ. 2004ರಲ್ಲಿ ಸ್ಪೀಸ್, ಪ್ರಾಕಪ್ ಮೊದಲಾದವರು, ಇಂಥ ಸೀರಮಿನಲ್ಲಿ ಬೆಳೆದ ಮನುಷ್ಯನ ಮಜ್ಜೆಯ 10 ಕೋಟಿ ಕಾಂಡಕೋಶಗಳಲ್ಲಿ 7ರಿಂದ 30 ಮಿಲಿಗ್ರಾಮಿನಷ್ಟು ಕರುವಿನ ಪ್ರೋಟೀನು ಸೇರಿಕೊಂಡಿರುತ್ತದೆ ಎಂದು ಅಂದಾಜು ಮಾಡಿದರು. ಎಂದರೆ ರೋಗಿಯ ಮೈಗೆ ಕೋಶದ ಜೊತೆಗೆ ದನದ ಅಂಶವೂ ಹೋಗುತ್ತದೆ, ದೇಹ ಅದನ್ನು ಪರಕೀಯವೆಂದು ಎದುರಿಸಬಹುದು. ಮೂಳೆ ಮುರಿಯುವ ಜನ್ಮಜಾತ ರೋಗವಿದ್ದ ಮಕ್ಕಳಿಗೆ ಮಜ್ಜೆಯ ಕೋಶ ಕೊಟ್ಟ ಪ್ರಯೋಗದ 2002ರ ವರದಿಯಲ್ಲಿ, ಒಂದು ಮಗುವಿನ ರಕ್ತದಲ್ಲಿ ಈ ಸೀರಮಿನ ವಿರುದ್ಧವೇ ಪ್ರತಿಕಾಯಗಳು ಕಂಡುಬಂದವು. ಕೊಬ್ಬಿನ ಕಾಂಡಕೋಶದಿಂದ ತಯಾರಾದ ‘ಅಲೊಫಿಸೆಲ್’ ಎಂಬ ಔಷಧಕ್ಕೆ, ಕ್ರೋನ್ ರೋಗಿಗಳ ಭಗಂದರಕ್ಕಾಗಿ, 2018ರಲ್ಲಿ ಯುರೋಪಿನಲ್ಲಿ ಅನುಮತಿ ದೊರೆತಾಗ, ದನದ ಸೀರಮ್ ಒಗ್ಗದವರಿಗೆ ಕೊಡಬಾರದೆಂಬ ಎಚ್ಚರಿಕೆ ಅದರ ಮಾಹಿತಿಪತ್ರದಲ್ಲಿಯೇ ಇತ್ತು. ಮುಂದಿನ ದೊಡ್ಡ ಪರೀಕ್ಷೆಯಲ್ಲಿ ನಿರೀಕ್ಷಿತ ಗುಣ ಕಾಣದೆ 2024ರಲ್ಲಿ ಆ ಔಷಧವನ್ನು ಅಲ್ಲಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡದ್ದು ಬೇರೆ ವಿಷಯ.

ಇನ್ನು ಸರಕಿನ ಗುಣಮಟ್ಟ. ಪ್ರತಿ ತಂಡದ ಸೀರಮ್ ಬೇರೆ ಬೇರೆ. ಒಂದರಲ್ಲಿ ಚೆನ್ನಾಗಿ ಬೆಳೆದ ಕೋಶ ಇನ್ನೊಂದರಲ್ಲಿ ಸೊರಗುತ್ತದೆ. ದನಗಳ ವೈರಾಣು, ಮೈಕೊಪ್ಲಾಸ್ಮ, ಹುಚ್ಚು ಹಸು ರೋಗದ ಪ್ರಿಯಾನ್ ಇವುಗಳ ಭಯ ಎಂದಿಗೂ ಪೂರ್ತಿ ತೊಲಗುವುದಿಲ್ಲ. ಕಲಬೆರಕೆಗೂ ಈ ಸರಕು ಹೊರತಲ್ಲ. ಯುರೋಪಿನಲ್ಲಿ 2013ರಲ್ಲಿ ಬಯಲಾದ ಒಂದು ಪ್ರಕರಣದಲ್ಲಿ ಗರ್ಭಸ್ಥ ಕರುವಿನದೆಂದು ಮಾರಿದ ಸೀರಮಿಗೆ ವಯಸ್ಕ ದನದ ಅಲ್ಬ್ಯೂಮಿನನ್ನೂ ನೀರನ್ನೂ ಬೆರೆಸಲಾಗಿತ್ತು. ಹಾಲಿಗೆ ನೀರು ಬೆರೆಸಿದವನನ್ನು ನಾವು ಬಲ್ಲೆವು. ಇಲ್ಲಿ ಕರುವಿನ ರಕ್ತಕ್ಕೂ ನೀರು!

ಬದಲಿ ಇದೆ

ಹಾಗಾದರೆ ಕೋಶಗಳಿಗೆ ಏನನ್ನು ಉಣಿಸಬೇಕು? ಮೂರು ದಾರಿಗಳಿವೆ.

ಮೊದಲನೆಯದು ಮನುಷ್ಯರ ರಕ್ತದ ಸೀರಮ್. ಜರ್ಮನಿಯ ಮಾನ್‌ಹೈಮಿನ ಸಂಶೋಧಕರು 2007ರಲ್ಲಿ ಕೊಬ್ಬಿನ ಕಾಂಡಕೋಶಗಳನ್ನೇ ಹಿಡಿದು ಪರೀಕ್ಷಿಸಿದರು. ಎ.ಬಿ. ಗುಂಪಿನ ಮಾನವ ಸೀರಮಿನಲ್ಲಿಯೂ ಪ್ಲೇಟ್‌ಲೆಟ್ ತುಂಬಿದ ಮಾನವ ಪ್ಲಾಸ್ಮಾದಿಂದ ತಯಾರಿಸಿದ ಪೂರಕದಲ್ಲಿಯೂ ಕೋಶಗಳು ಕರುವಿನ ಸೀರಮಿನಲ್ಲಿ ಬೆಳೆದುದಕ್ಕಿಂತ ಹೆಚ್ಚು ಬೆಳೆದವು. ರೋಗಿಯ ಸ್ವಂತ ರಕ್ತದ ಸೀರಮೂ ಆಗಬಹುದು; ಆದರೆ ಒಬ್ಬರಿಂದ ದೊರೆಯುವ ಪ್ರಮಾಣ ಅಲ್ಪ.

ಎರಡನೆಯದು ಮಾನವ ಪ್ಲೇಟ್‌ಲೆಟ್ ಸಾರ. ಡೆಂಗ್ಯೂ ಬಂದ ಮನೆಯವರೆಲ್ಲರೂ ಪ್ಲೇಟ್‌ಲೆಟ್ ಎಂಬ ಹೆಸರನ್ನು ಕೇಳಿರುತ್ತಾರೆ. ರಕ್ತನಿಧಿಯಲ್ಲಿ ಸಂಗ್ರಹಿಸಿದ ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ 5 ದಿನಗಳೊಳಗೆ ರೋಗಿಗೆ ಕೊಡಬೇಕು. ಅವಧಿ ಮೀರಿದರೆ ಅವು ಕಸ. ಹೀಗೆ ಅವಧಿ ಮೀರಿದವನ್ನು ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದರೆ ಪ್ಲೇಟ್‌ಲೆಟ್‌ಗಳು ಒಡೆದು ಒಳಗಿನ ಬೆಳವಣಿಗೆಯ ಅಂಶಗಳು ಹೊರಬರುತ್ತವೆ. ಚೂರುಗಳನ್ನು ಬೇರ್ಪಡಿಸಿ ಸೋಸಿದರೆ ಪೂರಕ ಸಿದ್ಧ. ಪೋಷಕ ದ್ರವಕ್ಕೆ ಇದನ್ನು ಶೇಕಡಾ 5ರಿಂದ 10ರಷ್ಟು ಬೆರೆಸಿದರೆ ಸಾಕು. ಫ್ರಾನ್ಸಿನ ದೂಸೆ ಮತ್ತು ಸಂಗಡಿಗರು 2005ರಲ್ಲಿ, ಆಸ್ಟ್ರಿಯದ ಶಾಲ್ಮೋಸರ್ ಮತ್ತು ಸಂಗಡಿಗರು 2007ರಲ್ಲಿ, ಚಿಕಿತ್ಸೆಗೆ ಬೇಕಾದ ಕೋಶಗಳನ್ನು ಇದರಿಂದ ಬೆಳೆಸಬಹುದೆಂದು ತೋರಿಸಿದರು. ಕಸವಾಗುವ ಕೊಬ್ಬು, ಕಸವಾಗುವ ಪ್ಲೇಟ್‌ಲೆಟ್. ಎರಡೂ ಮನುಷ್ಯನದು, ಎರಡೂ ಕೊಟ್ಟವನ ಒಪ್ಪಿಗೆಯಿಂದ ಬಂದದ್ದು. ಯಾವ ಕರುವೂ ಸಾಯಲಿಲ್ಲ.

ಮೂರನೆಯದು ಸೀರಮ್ ಇಲ್ಲದ, ಪ್ರತಿಯೊಂದು ಘಟಕವೂ ಗೊತ್ತಿರುವ ಪೋಷಕ ದ್ರವ. ಫಿನ್ಲೆಂಡಿನ ಟ್ಯಾಂಪೆರೆಯ ಸಂಶೋಧಕರು 2009ರಲ್ಲಿ ಪ್ರಾಣಿಮೂಲವಿಲ್ಲದ ಸೀರಮ್‌ರಹಿತ ದ್ರವದಲ್ಲಿ ಕೊಬ್ಬಿನ ಕಾಂಡಕೋಶಗಳು ತಮ್ಮ ಗುಣ ಕಳೆದುಕೊಳ್ಳದೆ ಬೆಳೆಯುತ್ತವೆಂದು ವರದಿ ಮಾಡಿದರು. ಅಹಿಂಸೆಯ ದೃಷ್ಟಿಯಿಂದಲೂ ಶುದ್ಧತೆಯ ದೃಷ್ಟಿಯಿಂದಲೂ ಮುಂದಿನ ಗುರಿ ಇದೇ. ಸದ್ಯಕ್ಕೆ ಬೆಲೆ ಹೆಚ್ಚು. ಕೋಶಗಳು ಪಾತ್ರೆಗೆ ಅಂಟಿಕೊಳ್ಳಲು ಪ್ರತ್ಯೇಕ ಲೇಪನವೂ ಬೇಕಾಗುತ್ತದೆ.

ಬದಲಿಗಳಲ್ಲಿ ದೋಷವೇ ಇಲ್ಲವೆಂದು ಹೇಳಿದರೆ ಅದು ಅಸತ್ಯವಾದೀತು. ಪ್ಲೇಟ್‌ಲೆಟ್ ಸಾರವೂ ತಂಡದಿಂದ ತಂಡಕ್ಕೆ ವ್ಯತ್ಯಾಸವಾಗುತ್ತದೆ. ಅನೇಕ ದಾನಿಗಳದನ್ನು ಒಟ್ಟುಗೂಡಿಸಿ ಈ ವ್ಯತ್ಯಾಸವನ್ನು ತಗ್ಗಿಸಬೇಕು. ಮಾನವ ರಕ್ತದಿಂದ ಹರಡಬಲ್ಲ ರೋಗಗಳಿಗಾಗಿ ಪರೀಕ್ಷೆ ಕಡ್ಡಾಯ. ಕೋಶಗಳ ಆಕಾರವೂ ನಡತೆಯೂ ಅಷ್ಟಿಷ್ಟು ಬೇರೆಯಾಗುತ್ತವೆ. ಆದ್ದರಿಂದ ನಡುವೆ ಸೀರಮ್ ಬದಲಿಸಿದರೆ ಹಿಂದಿನ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ. ಆದರೆ ಇದೇ ಕಾರಣದಿಂದ ನನ್ನ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಆಯ್ಕೆಯನ್ನು ಮೊದಲ ದಿನವೇ ಮಾಡಬೇಕು. ತಳಪಾಯ ಹಾಕುವಾಗ ದಾನಿಯ ಮಾತಿಗೆ ಬೆಲೆಯಿದೆ. ಕಟ್ಟಡ ಎದ್ದ ಮೇಲೆ ಇಲ್ಲ.

ಅರ್ಧ ಸತ್ಯ ಬೇಡ

ಸೀರಮ್ ಒಂದನ್ನು ಬದಲಿಸಿ ‘ಅಹಿಂಸಾ ಪ್ರಯೋಗಾಲಯ’ ಎಂಬ ಫಲಕ ಹಾಕಿಸುವ ಆತುರವೂ ಬೇಡ. ಪ್ಲೇಟ್‌ಲೆಟ್ ಸಾರದಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನು ಉಳಿದಿರುವುದರಿಂದ ದ್ರವ ಗಟ್ಟಿಯಾಗದಂತೆ ಹೆಪಾರಿನ್ ಬೆರೆಸುವ ರೂಢಿಯಿದೆ. ಹೆಪಾರಿನ್ ಸಾಮಾನ್ಯವಾಗಿ ಹಂದಿಯ ಕರುಳಿನಿಂದ ತೆಗೆದದ್ದು! ಹಸುವನ್ನು ಉಳಿಸಲು ಹೋಗಿ ಹಂದಿಯ ಬಾಗಿಲಿಗೆ ಬಂದಂತಾಯಿತು. ಇದಕ್ಕೂ ಪರಿಹಾರವಿದೆ. ಕ್ಯಾಲ್ಸಿಯಂ ಲವಣ ಸೇರಿಸಿ ಆ ಪ್ರೋಟೀನನ್ನು ಮೊದಲೇ ಹೆಪ್ಪುಗಟ್ಟಿಸಿ ತೆಗೆದುಹಾಕಿದ ಸಾರಕ್ಕೆ ಹೆಪಾರಿನ್ ಬೇಕಿಲ್ಲ. ಕೋಶಗಳನ್ನು ಪಾತ್ರೆಯಿಂದ ಬಿಡಿಸಲು ಬಳಸುವ ಟ್ರಿಪ್ಸಿನ್ ಕೂಡ ಹಂದಿಯ ಮೇದೋಜ್ಜೀರಕದಿಂದ ಬಂದಿರಬಹುದು. ಅದರ ಬದಲಿಗೆ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕಿಣ್ವ ದೊರೆಯುತ್ತದೆ. ಕೊಬ್ಬನ್ನು ಕರಗಿಸುವ ಕೊಲಾಜಿನೇಸ್ ಬ್ಯಾಕ್ಟೀರಿಯಾದಿಂದ ಬರುವುದಾದರೂ ಆ ಬ್ಯಾಕ್ಟೀರಿಯಾವನ್ನು ಬೆಳೆಸಿದ್ದು ಯಾವುದರಲ್ಲಿ ಎಂದು ಕೇಳಬೇಕು. ಪ್ರಾಣಿಮೂಲವಿಲ್ಲದ ಬಗೆಯೂ ಮಾರಾಟದಲ್ಲಿದೆ. ಪಟ್ಟಿಯ ಒಂದು ಸಾಲನ್ನು ತಿದ್ದಿ ಉಳಿದವಕ್ಕೆ ಕಣ್ಣುಮುಚ್ಚುವುದು ಲೆಕ್ಕ ತಪಾಸಣೆಯಲ್ಲ.

ಇನ್ನೊಂದು ಕಡೆಯಿಂದಲೂ ಆಕ್ಷೇಪ ಬರುತ್ತದೆ. “ಕೋಶವೇ ಜೀವಂತ. ಬ್ಯಾಕ್ಟೀರಿಯಾವೂ ಜೀವವೇ. ಇದೆಲ್ಲ ಆರಂಭದಿಂದಲೇ ಹಿಂಸೆ, ಈ ವಿದ್ಯೆಯೇ ಬೇಡ” ಎನ್ನುವ ನಿಷ್ಠಾವಂತರಿದ್ದಾರೆ. ಅವರ ಕಳಕಳಿಯನ್ನು ಗೌರವಿಸುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಮುನಿಗಳಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ. ಅಡಿಗೆ ಮಾಡುವ, ಬೇಸಾಯ ಮಾಡುವ, ಬಾವಿ ತೋಡುವ ಗೃಹಸ್ಥನಿಂದ ಸ್ಥಾವರ ಜೀವಗಳಿಗೆ ಆಗುವ ಬಾಧೆಯನ್ನು ಕಡಿಮೆ ಮಾಡು ಎಂದು ಶಾಸ್ತ್ರ ಹೇಳಿತು. ತ್ರಸ ಜೀವದ ಸಂಕಲ್ಪೀ ಹಿಂಸೆಯನ್ನು ಪೂರ್ತಿ ಬಿಡು ಎಂದಿತು. ಈ ತಾರತಮ್ಯವೇ ಶ್ರಾವಕಾಚಾರದ ಬೆನ್ನೆಲುಬು. ಎಲ್ಲವೂ ಹಿಂಸೆ ಎಂದು ಹೇಳಿ ಕೈಕಟ್ಟಿ ಕುಳಿತರೆ ಲಾಭವಾಗುವುದು ಕರುವಿಗಲ್ಲ, ಈಗಿನ ರೂಢಿಗೆ.

ಟ್ರಸ್ಟುಗಳು ಮಾಡಬೇಕಾದುದು

“ಒಂದೆರಡು ಟ್ರಸ್ಟುಗಳ ಮಾತಿಗೆ ಜಗತ್ತಿನ ವಿಜ್ಞಾನ ಬದಲಾದೀತೇ?” ಎಂದು ನಕ್ಕವರುಂಟು. ಬೆಳ್ಳಿಯ ವರಖಿನ ಕಥೆಯನ್ನು ಅವರು ನೆನೆಯಲಿ. ದನದ ಕರುಳಿನ ಪೊರೆಗಳ ನಡುವೆ ಬೆಳ್ಳಿಯನ್ನು ಬಡಿದು ವರಖು ಮಾಡುತ್ತಾರೆಂದು ತಿಳಿದ ಮೇಲೆ ಎಷ್ಟೋ ಜೈನ ಮಂದಿರಗಳು, ಎಷ್ಟೋ ಕುಟುಂಬಗಳು ಅದನ್ನು ತ್ಯಜಿಸಿದವು. ವರಖಿನ ತಯಾರಿಕೆಯ ಯಾವ ಹಂತದಲ್ಲಿಯೂ ಪ್ರಾಣಿಮೂಲದ ವಸ್ತು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿ ನಿಯಮ ರೂಪಿಸಿತು. ಕೊಳ್ಳುವವನು ಕೇಳಲಾರಂಭಿಸಿದರೆ ಮಾರುವವನು ಉತ್ತರ ಹುಡುಕುತ್ತಾನೆ. ಈ ವಿಷಯದಲ್ಲಿ ನಾವು ಒಂಟಿಯೂ ಅಲ್ಲ. ಪ್ರಯೋಗಾಲಯದ ಉತ್ತಮ ಪದ್ಧತಿಗಳ ಬಗ್ಗೆ ಓ.ಇ.ಸಿ.ಡಿ. ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ಪ್ರಾಣಿಗಳ ಸೀರಮ್ ಬಳಕೆಯನ್ನು ತಪ್ಪಿಸುವ ದಿಕ್ಕಿಗೇ ಬೆರಳು ತೋರಿಸುತ್ತದೆ.

ಆದುದರಿಂದ ಆಡಳಿತ ಮಂಡಳಿಗಳ ಮುಂದೆ ಈ ಸೂಚನೆಗಳನ್ನಿಡುತ್ತೇನೆ.

ಒಂದು: ಕೋಶಕೃಷಿಗೆ ಸಂಬಂಧಿಸಿದ ಯಾವ ನೆರವಿನ ಅರ್ಜಿ ಬಂದರೂ ಸೀರಮ್, ಹೆಪಾರಿನ್, ಟ್ರಿಪ್ಸಿನ್, ಕೊಲಾಜಿನೇಸ್ ಈ ನಾಲ್ಕರ ಮೂಲವನ್ನು ಲಿಖಿತವಾಗಿ ಕೇಳಬೇಕು. ಉತ್ತರ ಬರುವವರೆಗೆ ಮಂಜೂರಾತಿ ಬೇಡ.

ಎರಡು: ಹೊಸ ಪ್ರಯೋಗಾಲಯವಾದರೆ ಕರುವಿನ ಸೀರಮ್ ಇಲ್ಲದೆಯೇ ಆರಂಭಿಸಬೇಕೆಂಬ ಷರತ್ತು ಹಾಕಬೇಕು. ಈಗಾಗಲೇ ನಡೆಯುತ್ತಿರುವುದಾದರೆ ಬದಲಾವಣೆಗೆ ಅವಧಿ ಗೊತ್ತುಪಡಿಸಬೇಕು.

ಮೂರು: ಷರತ್ತಿನಿಂದ ಹೆಚ್ಚುವ ಖರ್ಚನ್ನೂ ಹೋಲಿಕೆಯ ಪರೀಕ್ಷೆಗಳ ವೆಚ್ಚವನ್ನೂ ಟ್ರಸ್ಟೇ ಭರಿಸಬೇಕು. ಅಹಿಂಸೆಯ ಉಪದೇಶ ನಮ್ಮದು, ಖರ್ಚು ಬಡ ಸಂಶೋಧಕನದು ಎಂದರೆ ನ್ಯಾಯವಲ್ಲ.

ನಾಲ್ಕು: ಮಹಾವೀರ ಜಯಂತಿಯಂದು ನಮ್ಮ ಊರೂರುಗಳಲ್ಲಿ ರಕ್ತದಾನ ಶಿಬಿರಗಳು ನಡೆಯುತ್ತವೆ. ಅವಧಿ ಮೀರಿದ ಪ್ಲೇಟ್‌ಲೆಟ್‌ಗಳು ಏನಾಗುತ್ತವೆಂದು ರಕ್ತನಿಧಿಗಳನ್ನು ಕೇಳೋಣ. ಕಾನೂನಿಗೆ ಒಳಪಟ್ಟು, ದಾನಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದು, ಅವನ್ನು ಸಂಶೋಧನೆಗೆ ಕೊಡುವ ವ್ಯವಸ್ಥೆಗೆ ಒತ್ತಾಯಿಸೋಣ. ರೋಗಿಗೆ ಬೇಕಾದುದನ್ನು ಕಸಿದು ಪ್ರಯೋಗಾಲಯಕ್ಕೆ ಕೊಡುವ ಮಾತಂತೂ ಇರಕೂಡದು.

ಐದು: ಮಂಡಿನೋವಿನಿಂದ ಹಿಡಿದು ಮಧುಮೇಹದವರೆಗೆ ಎಲ್ಲಕ್ಕೂ ಕಾಂಡಕೋಶ ಚಿಕಿತ್ಸೆಯೆಂದು ಜಾಹೀರಾತು ಕೊಡುವವರಿಗೆ ಸಮಾಜದ ಒಂದು ರೂಪಾಯಿಯೂ ಹೋಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳ 2017ರ ಮಾರ್ಗಸೂಚಿಯು, ರಕ್ತರೋಗಗಳಿಗೆ ಮಾಡುವ ಮಾನ್ಯ ಮಜ್ಜೆ ಕಸಿಯಂಥವನ್ನು ಬಿಟ್ಟರೆ, ಅನುಮೋದಿತ ಪರೀಕ್ಷೆಯ ಹೊರಗೆ ಕಾಂಡಕೋಶಗಳನ್ನು ಚಿಕಿತ್ಸೆಯೆಂದು ಕೊಡುವುದನ್ನು ಒಪ್ಪುವುದಿಲ್ಲ. ರೋಗಿಯನ್ನು ವಂಚಿಸುವುದೂ ಹಿಂಸೆಯೇ.

ಆರು: ಇದನ್ನೆಲ್ಲ ವಾರ್ಷಿಕ ವರದಿಯಲ್ಲಿ ಮುದ್ರಿಸಬೇಕು. ಬಸದಿಯ ಜೀರ್ಣೋದ್ಧಾರಕ್ಕೆ ಎಷ್ಟು ಚೀಲ ಸಿಮೆಂಟು ಬಂತೆಂದು ಬರೆಯುವ ವರದಿಯಲ್ಲಿ, ಔಷಧದಾನದ ಹಣದಿಂದ ಯಾವ ಜೀವಕ್ಕೆ ಏನಾಯಿತೆಂದೂ ಒಂದು ಸಾಲು ಇರಲಿ.

ಇದರಿಂದ ಖರ್ಚು ಸ್ವಲ್ಪ ಹೆಚ್ಚಬಹುದು. ಆದರೆ ಧರ್ಮದ ಖಾತೆಯನ್ನು ಅಗ್ಗದ ಸರಕಿನಿಂದ ತುಂಬಿಸಲಾಗದೆಂಬುದು ನಮಗೆ ಹೊಸ ಪಾಠವಲ್ಲ. ಸೂರ್ಯಾಸ್ತದ ಮುಂಚೆ ಅಂಗಡಿಯಿಂದೆದ್ದು ಊಟಕ್ಕೆ ಹೋದ ನಮ್ಮ ತಂದೆ ತಾತಂದಿರು ಎಷ್ಟು ಗಿರಾಕಿಗಳನ್ನು ಕಳೆದುಕೊಂಡರೋ ಲೆಕ್ಕವಿಟ್ಟಿರಲಿಲ್ಲ. ನೀರನ್ನು ಸೋಸಿ ಕುಡಿಯುವ ಬಟ್ಟೆ ಇಂದಿಗ��� ನಮ್ಮ ಅಡಿಗೆಮನೆಗಳಲ್ಲಿದೆ. ಕಣ್ಣಿಗೆ ಕಾಣದ ಜೀವಿಗಾಗಿ ನೀರನ್ನು ಸೋಸುವ ಸಮಾಜವು, ತಾಯಿಯ ಗರ್ಭದಲ್ಲಿರುವ ಕರುವಿನ ಹೃದಯಕ್ಕೆ ಸೂಜಿ ಚುಚ್ಚಿ ತಂದ ಸೀಸೆಗೆ ಹಣ ಕೊಡುವ ಮೊದಲು ಒಂದು ಪ್ರಶ್ನೆ ಕೇಳಲಿ. ಮುಂದಿನ ದಶಲಕ್ಷಣ ಪರ್ವದೊಳಗೆ ಪ್ರತಿಯೊಂದು ಟ್ರಸ್ಟೂ ತನ್ನ ಸಭೆಯಲ್ಲಿ ಈ ವಿಷಯವನ್ನು ನಿರ್ಣಯಕ್ಕೆ ತರಲಿ.